ನಾಲ್ಕು ದಾಟಿದವರು ಅನರ್ಹರು

ಸ್ನಾಯುಗಳು ಸಕ್ಕರೆಯನ್ನು ಶಕ್ತಿಗಾಗಿ ಬಳಸುವಾಗ ಹುಟ್ಟುವ ಲ್ಯಾಕ್ಟೇಟ್ ಎಂಬ ವಸ್ತು ರಕ್ತದಲ್ಲಿ ಎಷ್ಟಿದೆ ಎಂದು ಅಳೆಯದೆ ದೂರದ ಓಟಕ್ಕೆ ಯಾರನ್ನೂ ಆಯ್ಕೆ ಮಾಡಕೂಡದೆಂದು ಬಳ್ಳಾರಿಯ ನಮ್ಮ ಆಯ್ಕೆ ಸಮಿತಿಯ ಮಹನೀಯರು ತೀರ್ಮಾನಿಸಿರುವುದು ಸ್ವಾಗತಾರ್ಹ. ಇಷ್ಟು ಕಾಲ ಮೊದಲು ಬಂದವನನ್ನೇ ಆರಿಸುವ ಹಳೆಯ ಪದ್ಧತಿಯಿತ್ತು. ಅದಕ್ಕೆ ಒಂದು ಗಡಿಯಾರ, ಎರಡು ಕಣ್ಣು ಸಾಕಾಗುತ್ತಿದ್ದುದರಿಂದ ಅನುದಾನ ಕೇಳಲು ದಾರಿಯೇ ಇರಲಿಲ್ಲ.

ಸುಮ್ಮನೆ ಕುಳಿತವನ ರಕ್ತದಲ್ಲಿ ಲೀಟರಿಗೆ ಸುಮಾರು 1 ಮಿಲಿಮೋಲ್ ಲ್ಯಾಕ್ಟೇಟ್ ಇರುತ್ತದೆ. ಓಟದ ವೇಗ ಏರಿದಂತೆ ಸ್ನಾಯುಗಳು ಅದನ್ನು ಹೆಚ್ಚು ಉತ್ಪಾದಿಸುತ್ತವೆ. ದೇಹ ಬಳಸಿಕೊಳ್ಳುವುದಕ್ಕಿಂತ ಉತ್ಪತ್ತಿಯೇ ಹೆಚ್ಚಾದಾಗ ಅದು ರಕ್ತದಲ್ಲಿ ಸರಸರನೆ ಏರತೊಡಗುತ್ತದೆ. ಆ ಏರಿಕೆ ಓಟದ ಯಾವ ವೇಗದಲ್ಲಿ ಶುರುವಾಗುತ್ತದೆಂದು ತಿಳಿಯಲು ಓಟಗಾರನನ್ನು ಮೂರರಿಂದ ಐದು ನಿಮಿಷಗಳ ಹಂತಗಳಲ್ಲಿ ಓಡಿಸಿ, ಪ್ರತಿ ಹಂತಕ್ಕೂ ವೇಗ ಹೆಚ್ಚಿಸಿ, ಬೆರಳಿನಿಂದಲೋ ಕಿವಿಯ ಹಾಲೆಯಿಂದಲೋ ಒಂದು ಹನಿ ರಕ್ತ ತೆಗೆಯುತ್ತಾರೆ. 1976ರಲ್ಲಿ ಜರ್ಮನಿಯ ಸಂಶೋಧಕರು ಏರಿಕೆ ಶುರುವಾಗುವ ಈ ಮಿತಿಗೆ ಲೀಟರಿಗೆ 4 ಮಿಲಿಮೋಲ್ ಎಂಬ ಅಂಕಿಯನ್ನು ಸೂಚಿಸಿದರು. ಅದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆಂಬುದು ಆಮೇಲೆ ಸ್ಪಷ್ಟವಾಯಿತು. ಸಮಿತಿಯು 4ರವರೆಗೆ ಓದಿ ಪುಸ್ತಕ ಮುಚ್ಚಿತು. ತೋರಣಗಲ್ಲಿನ ಬಳಿ 2018ರಿಂದ ನಡೆಯುತ್ತಿರುವ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಇದನ್ನೆಲ್ಲ ಬಲ್ಲವರಿದ್ದಾರೆ. ಹೋಗಿ ಕೇಳಬಹುದಿತ್ತು, ಆದರೆ ಕೇಳಿದರೆ ತಿಳಿದುಬಿಡುವ ಅಪಾಯವಿತ್ತು.

ಹೀಗೆ ಹೊರಟ ಸುತ್ತೋಲೆಯ ಪ್ರಕಾರ ಓಟದ ಕೊನೆಗೆ 4 ದಾಟಿದವರು ಅನರ್ಹರು. ನಮೂನೆಯಲ್ಲಿ ತಂದೆಯ ಹೆಸರಿಗೆ, ಆಧಾರ್ ಸಂಖ್ಯೆಗೆ, ಬ್ಯಾಂಕಿನ ಶಾಖೆಗೆ ಪ್ರತ್ಯೇಕ ಕಲಂಗಳಿದ್ದವು. ವೇಗಕ್ಕೆ ಮಾತ್ರ ಜಾಗ ಸಾಲಲಿಲ್ಲ. ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲಗಳಿರುವ ನಮ್ಮೂರಿನಲ್ಲಿ ಆರು ಗಂಟೆಗೆ ಆರಂಭವಾಗಬೇಕಿದ್ದ ಪರೀಕ್ಷೆಯು, ಯಂತ್ರದ ರಿಬ್ಬನ್ ಕತ್ತರಿಸಬೇಕಾದ ಅತಿಥಿಗಳು ದಯಮಾಡಿಸಿದ ಮೇಲೆ, ಅಂದರೆ ಹನ್ನೊಂದೂವರೆಗೆ ಆರಂಭವಾಯಿತು. ಬಿಸಿಲಿಗೆ ಅದೇ ವೇಗದಲ್ಲಿಯೇ ಲ್ಯಾಕ್ಟೇಟ್ ಹೆಚ್ಚು ಏರುತ್ತದೆ. ಬೆವರಿನಲ್ಲಿ ಅದು ರಕ್ತಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ ಬೆರಳನ್ನು ಒರೆಸದೆ ಚುಚ್ಚಿದರೆ ಯಂತ್ರ ಬೆವರನ್ನೂ ಸೇರಿಸಿ ಲೆಕ್ಕ ಹೇಳುತ್ತದೆ. ಹತ್ತಿಯ ಟೆಂಡರು ಇನ್ನೂ ಅಂತಿಮವಾಗಿರಲಿಲ್ಲ. ಇತ್ತ ಹಿಂದಿನ ದಿನ ಸೋತು ಸುಣ್ಣವಾಗುವಷ್ಟು ಓಡಿ, ರಾತ್ರಿ ಸರಿಯಾಗಿ ಉಣ್ಣದೆ ಬಂದಿದ್ದ ಸಿರುಗುಪ್ಪದ ಹುಡುಗನ ಸ್ನಾಯುಗಳಲ್ಲಿ ಲ್ಯಾಕ್ಟೇಟ್ ಹುಟ್ಟಲು ಬೇಕಾದ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಬರಿದಾಗಿದ್ದರಿಂದ ಅಂಕಿ ತಗ್ಗಿತು. ಹಸಿವು ಸಾಮರ್ಥ್ಯವನ್ನು ಹೆಚ್ಚಿಸುತ್ತದೆಂದು ಸಮಿತಿಯು ಟಿಪ್ಪಣಿ ಬರೆದುಕೊಂಡಿತು. ಊಟದ ಖರ್ಚಿನ ಬಾಬ್ತು ಮುಂದಿನ ವರ್ಷದಿಂದ ಕೈಬಿಡಲಾಗುವುದೆಂಬ ನಿರೀಕ್ಷೆಯಿದೆ.

5,000 ಮೀಟರ್ ಓಟದಲ್ಲಿ ಎಲ್ಲರಿಗಿಂತ ಬಹು ಮುಂದೆ ಬಂದ ಸಂಡೂರಿನ ಹುಡುಗನಿಗೆ 10ರ ಆಸುಪಾಸು ಬಂತು. ಪ್ರಾಣ ಒತ್ತೆಯಿಟ್ಟು ಓಡಿದವರಿಗೆ ಅಷ್ಟು ಬರುವುದು ಸಹಜವಾದರೂ, ಲ್ಯಾಕ್ಟೇಟನ್ನು ಹೊಟ್ಟೆಯ ಆಮ್ಲವೆಂದೇ ತಿಳಿದು, ಆಮ್ಲ ಹೆಚ್ಚಾಗಿದೆಯೆಂದು ಅವನನ್ನು ಅನರ್ಹಗೊಳಿಸಿ, ಎದೆಯುರಿಗೆ ಕೊಡುವ ಮಾತ್ರೆಯ ಒಂದು ಪಟ್ಟಿಯನ್ನು ಉಚಿತವಾಗಿ ನೀಡಲಾಯಿತು. ಕಾಲು ಉಳುಕಿ ನಡೆದುಕೊಂಡೇ ಬಂದವನು ಎರಡರೊಳಗಿದ್ದು ದ್ವಿತೀಯ ಸ್ಥಾನ ಪಡೆದನು. ವೇಗ ಎಲ್ಲಿ ಬರೆಯಬೇಕು ಎಂದು ಕೇಳಿದ ಪಿ.ಇ. ಮೇಷ್ಟ್ರಿಗೆ, ಅದು ಸಂಚಾರ ಪೊಲೀಸರ ವ್ಯಾಪ್ತಿಗೆ ಬರುವ ವಿಷಯವೆಂದು ತಿಳಿಸಲಾಯಿತು.

ಶಾಮಿಯಾನದಡಿ ಕೂಲರಿನ ಮುಂದೆ ಕುಳಿತು, ಛಾಯಾಚಿತ್ರಕ್ಕಾಗಿ ಬೆರಳು ನೀಡಿದ್ದ ಮುಖ್ಯ ಅತಿಥಿಗಳಿಗೆ 1.1 ಬಂದಿದ್ದು, ರಾಜ್ಯಮಟ್ಟದ ಓಟಕ್ಕೆ ಅವರ ಹೆಸರನ್ನು ಅವಿರೋಧವಾಗಿ ಶಿಫಾರಸು ಮಾಡಲಾಗಿದೆ. ಪ್ರಯಾಣ ಭತ್ಯೆ ಮಂಜೂರಾಗಿದೆ.