ಪಾಲಿಯೆಸ್ಟರ್ ಎಲ್ಲಾ ಹಳೇ ಬಾಟಲಿಯದ್ದಾ?

ಹಾಸನಾಂಬೆ ಬಾಗಿಲು ತೆಗೆಯುವ ಹೊತ್ತಿಗೆ ಹಾಸನದಲ್ಲಿ ಸೀರೆ ವ್ಯಾಪಾರ ಜೋರು. ಜೊತೆಗೆ ವಾಟ್ಸಾಪ್‌ನಲ್ಲಿ ಈ ಸಂದೇಶವೂ ಓಡಾಡುತ್ತದೆ: "ಪಾಲಿಯೆಸ್ಟರ್ ಸೀರೆಯೆಲ್ಲ ಕಸದ ಬಾಟಲಿ ಕರಗಿಸಿ ಮಾಡಿದ್ದು, ಅದಕ್ಕೇ ಅಗ್ಗ."

ಬಾಟಲಿಯಿಂದ ನೂಲು ತೆಗೆಯುವುದು ನಿಜ. ಎರಡೂ ಪೆಟ್ ಎಂಬ ಒಂದೇ ಪ್ಲಾಸ್ಟಿಕ್. ಆದರೆ "ಎಲ್ಲಾ" ಅನ್ನೋದು ಸುಳ್ಳು. 2023ರಲ್ಲಿ ಜಗತ್ತಿನಲ್ಲಿ ತಯಾರಾದ ಪಾಲಿಯೆಸ್ಟರ್ ನಾರಿನಲ್ಲಿ ಮರುಬಳಕೆಯದ್ದು ಶೇ. 12ರ ಆಸುಪಾಸು ಅಷ್ಟೇ. ಮಿಕ್ಕಿದ್ದು ಹೆಚ್ಚುಕಮ್ಮಿ ಎಲ್ಲವೂ ಕಚ್ಚಾ ತೈಲ, ಅನಿಲ, ಕಲ್ಲಿದ್ದಲಿನ ಮೂಲದ ಪಿಟಿಎ, ಎಂಇಜಿ ಎಂಬ ರಾಸಾಯನಿಕಗಳಿಂದ ಮಾಡಿದ ಹೊಸ ಮಾಲು.

ಹಾಗಾದರೆ ಅಗ್ಗ ಯಾಕೆ? ಬೇಡಿಕೆ ಕಮ್ಮಿ ಅಂತಲ್ಲ. ಜಗತ್ತಿನ ಒಟ್ಟು ನಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲಿಯೆಸ್ಟರೇ. ಹತ್ತಿಯದ್ದು ಸುಮಾರು ಐದರಲ್ಲೊಂದು ಪಾಲು. ಆದರೆ ಚೀನಾ ಒಂದರ ಹಿಂದೆ ಒಂದು ಭಾರಿ ಕಾರ್ಖಾನೆ ಕಟ್ಟಿತು. ಮಾಲು ಧಾರಾಳವಾಯಿತು, ಬೆಲೆ ಮೇಲೇಳಲಿಲ್ಲ. ತಮಾಷೆ ಅಂದರೆ, ಬಾಟಲಿ ಆಯ್ದು, ತೊಳೆದು, ಚೂರು ಮಾಡಿ ತೆಗೆದ ನೂಲೇ ಎಷ್ಟೋ ಸಲ ಹೊಸದಕ್ಕಿಂತ ದುಬಾರಿ.

ಇನ್ನು ಸೀರೆ ಬಾಟಲಿಯದ್ದೇ ಅಂತ ದಾರ ಸುಟ್ಟು ತೋರಿಸುವ ವಿಡಿಯೊ. ದಾರ ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ಅದು ಹತ್ತಿಯಲ್ಲ ಅಂತ ಗೊತ್ತಾಗುತ್ತದೆ, ಸರಿ. ಬಾಟಲಿಯದೋ ಹೊಸದೋ ಅನ್ನೋದು ಅದರಿಂದ ತಿಳಿಯುವುದಿಲ್ಲ. ಎರಡೂ ಸುಡುವುದು ಹಾಗೇ.