ಫ್ರೇಮಿನೊಳಗಿನ ಫಾರ್ಮಸಿಸ್ಟ್

ನಮ್ಮೂರಲ್ಲಿ ಫಾರ್ಮಸಿಸ್ಟ್ ಸಿಗೋದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪ್ರತಿ ಮೆಡಿಕಲ್ ಶಾಪಿನಲ್ಲೂ ಒಬ್ಬೊಬ್ಬರು ಇದ್ದಾರೆ, ಫ್ರೇಮಿನೊಳಗೆ. ಒಂದು ಕಡೆ ಧನ್ವಂತರಿ, ಇನ್ನೊಂದು ಕಡೆ ಲಕ್ಷ್ಮಿ, ನಡುವೆ ನೋಂದಣಿ ಸರ್ಟಿಫಿಕೇಟು. ಬೆಳಿಗ್ಗೆ ಅಂಗಡಿ ಹುಡುಗ ಊದುಬತ್ತಿ ಬೆಳಗಿದರೆ ಮೂವರಿಗೂ ಹೊಗೆ ಸಮಪಾಲು.

ಸರ್ಟಿಫಿಕೇಟಿನ ಒಡೆಯ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ತಿಂಗಳಾದರೆ ಬಾಡಿಗೆ ಖಾತೆಗೆ ಬೀಳುತ್ತದೆ. ಮನೆ ಬಾಡಿಗೆಗೆ ಕೊಟ್ಟರೆ ಸುಣ್ಣಬಣ್ಣದ ಖರ್ಚಾದರೂ ಇರುತ್ತದೆ, ಇದಕ್ಕೆ ಅದೂ ಇಲ್ಲ.

ಡಾಕ್ಟರ ಚೀಟಿಗೆ ಔಷಧ ಕೊಡುವವರು ನೋಂದಾಯಿತ ಫಾರ್ಮಸಿಸ್ಟೇ ಆಗಿರಬೇಕು ಅನ್ನುತ್ತದೆ 1948ರ ಫಾರ್ಮಸಿ ಕಾಯ್ದೆ. ಮೈಮೇಲೆ ಬಿಳಿ ಕೋಟು, ಎದೆಗೆ ಹೆಸರಿನ ಬ್ಯಾಡ್ಜು ಇರಬೇಕು ಅನ್ನುತ್ತವೆ 2015ರ ನಿಯಮಗಳು. ಕೋಟು ಇದೆ ಸ್ವಾಮಿ, ಮೊಳೆಗೆ ನೇತುಬಿದ್ದಿದೆ. ಅಂಗಡಿಯಿಂದ ತಂದಾಗಿನ ಮಡಿಕೆ ಇನ್ನೂ ಮುರಿದಿಲ್ಲ. 2014ರಿಂದ ಕೆಲವು ಆಂಟಿಬಯಾಟಿಕ್‌ಗಳನ್ನು ಯಾರಿಗೆ ಕೊಟ್ಟೆವು ಅಂತ ಎಚ್1 ಅನ್ನೋ ರಿಜಿಸ್ಟರ್ ಬರೆದು, ಮೂರು ವರ್ಷ ಇಟ್ಟುಕೊಳ್ಳಬೇಕು. ಅದೂ ಇದೆ. ಆರು ತಿಂಗಳ ರೋಗಿಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಮಧ್ಯಾಹ್ನ ಕಾಯಿಲೆ ಬಿದ್ದ ಹಾಗಿದೆ.

ಇನ್ನು ಕೌಂಟರಿನಲ್ಲಿ ನಮ್ಮ ಹುಡುಗ. ಪಿಯುಸಿ ಸೈನ್ಸ್ ಪಾಸು.

"ಮೊನ್ನೆ ಕೊಟ್ಟಿದ್ಯಲ್ಲಪ್ಪ, ಬಿಳೀ ಗುಳಿಗೆ, ಅದೇ ಕೊಡು."

"ಬಿಪಿದಾ, ಶುಗರಿಂದಾ ಅಜ್ಜಿ?"

"ನಂಗೇನು ಗೊತ್ತು? ಕೊಟ್ಟೋನು ನೀನಲ್ವಾ!"

ಅವನು ಕತ್ತರಿ ತಗೊಂಡು ಸ್ಟ್ರಿಪ್ಪಿನಿಂದ ಐದು ಮಾತ್ರೆ ಕತ್ತರಿಸುತ್ತಾನೆ. ಎಕ್ಸ್‌ಪೈರಿ ಡೇಟು ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಅಜ್ಜಿಗೆ ಓದೋಕೆ ಬರೋದಿಲ್ಲ. ಅದಕ್ಕೇ ಅಂಚಿನಲ್ಲಿ ಕತ್ತರಿಯಿಂದ ಎರಡು ಕಚ್ಚು: ದಿನಕ್ಕೆ ಎರಡು ಸಲ ಅಂತ. ಚಿಲ್ಲರೆ ಬದಲು ಕೆಮ್ಮಿನ ಗುಳಿಗೆ.

ಹುಡುಗನನ್ನು ಬೈಯೋಕೆ ನನಗಂತೂ ಬಾಯಿ ಬರೋದಿಲ್ಲ. ಮಧ್ಯರಾತ್ರಿ ಮಗುವಿಗೆ ಜ್ವರ ಬಂದರೆ ಶಟರ್ ಎತ್ತುವವನು ಅವನೇ. ಫ್ರೇಮಿನಿಂದ ಯಾರೂ ಇಳಿದು ಬಂದದ್ದು ನಾನು ನೋಡಿಲ್ಲ.

ಡ್ರಗ್ ಇನ್ಸ್‌ಪೆಕ್ಟರ್ ಪಕ್ಕದ ಊರಿಗೆ ಬಂದರೆ ಸಾಕು, ಜೀಪಿಗಿಂತ ಮೊದಲು ಫೋನು ಬರುತ್ತದೆ. ಅವತ್ತು ಎಲ್ಲ ಮಾಲೀಕರ ಮನೆಯಲ್ಲೂ ಗೃಹಪ್ರವೇಶ. ಸಾಲಾಗಿ ಶಟರ್ ಬೀಳುತ್ತವೆ. ಬಿಪಿ ಇರುವವರು ಅವತ್ತೊಂದು ದಿನ ಕೋಪ ಮಾಡಿಕೊಳ್ಳಬಾರದು, ಅಷ್ಟೆ.

ಸುಮ್ನೆ ಇರಲಾರದೆ ಮಾಲೀಕರಿಗೊಂದು ಉಪಾಯ ಹೇಳಿದೆ. "ಎರಡು ವರ್ಷದ ಫಾರ್ಮಸಿ ಡಿಪ್ಲೊಮಾ ಅಲ್ವಾ? ಈ ಹುಡುಗನನ್ನೇ ಡಿ.ಫಾರ್ಮ್‌ಗೆ ಸೇರಿಸಿಬಿಡಿ."

ಅವರು ಗಾಬರಿಯಾದರು. "ಏನ್ ಸಾರ್ ನೀವು! ಓದಿಬಿಟ್ರೆ ಅವನೂ ಸರ್ಟಿಫಿಕೇಟು ನೇತುಹಾಕಿ ಬೆಂಗಳೂರಿಗೆ ಹೋಗ್ತಾನೆ. ಆಮೇಲೆ ಮಾತ್ರೆ ಕೊಡೋರು ಯಾರು?"