ಸತ್ಯಾಂಶ: ಕಡಲಡಿಯ ಮರಳೆಲ್ಲ ಒಂದೇ ಅಲ್ಲ

"ಕಡಲ ಗಾಳಿಯಂತ್ರದ ಕಂಬವನ್ನು ಆಳಕ್ಕೆ ಬಡಿದರೆ ಸಾಕು, ಮರಳೇ ಬಿಗಿಹಿಡಿಯುತ್ತದೆ" ಎಂಬ ಫಾರ್ವರ್ಡ್ ಓಡಾಡುತ್ತಿದೆ. ಬೆಣಚುಕಲ್ಲಿನ ಮರಳಿಗೆ ಇದು ಬಹುಮಟ್ಟಿಗೆ ಸರಿ. ಕಾರ್ಬೊನೇಟ್ ಮರಳಿಗೆ ಅಲ್ಲ.

ಅದು ಚಿಪ್ಪು, ಹವಳ, ಸೂಕ್ಷ್ಮಜೀವಿಗಳ ಕವಚದ ಚೂರು. ಮಸೂರದಡಿ ನೋಡಿದರೆ ಎಷ್ಟೋ ಕಣಗಳ ಒಳಗೇ ಟೊಳ್ಳು. ಆಮ್ಲದ ಹನಿ ಬಿದ್ದರೆ ನೊರೆಯೇಳುತ್ತದೆ. ಕಂಬ ಇಳಿಯುವಾಗ ಕಣಗಳು ಪುಡಿಯಾಗಿ, ಪಕ್ಕದ ಒತ್ತಡ ಕುಸಿದು, ಹಿಡಿತ ತೀರಾ ಕಡಿಮೆಯಾಗುತ್ತದೆ. ಪ್ರಯೋಗಾಲಯದಲ್ಲಿ ಮಾತ್ರ ಇದೇ ಮರಳಿನ ಘರ್ಷಣಾ ಕೋನ (ಕಣಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಶಕ್ತಿಯ ಅಳತೆ) ಹೆಚ್ಚೇ ಬರುತ್ತದೆ. ಲೆಕ್ಕ ತಪ್ಪುವುದು ಅಲ್ಲೇ.

1982ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ನಾರ್ತ್ ರ‍್ಯಾಂಕಿನ್ ಅನಿಲ ವೇದಿಕೆಯ ಕಂಬವೊಂದು ಸ್ವಂತ ಭಾರಕ್ಕೇ ಸುಮಾರು 60 ಮೀಟರ್ ಜಾರಿತು. ಗಾಳಿಯಂತ್ರದ ಕಂಬವನ್ನಂತೂ ಗಾಳಿ, ಅಲೆ ಎರಡೂ ಬಿಡದೆ ಅಲುಗಿಸುತ್ತವೆ, ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಅದಕ್ಕೇ ಇಂಥ ಕಡೆ ರಂಧ್ರ ಕೊರೆದು, ಕಂಬದ ಸುತ್ತ ಸಿಮೆಂಟ್ ಗ್ರೌಟ್ (ತೆಳು ಗಾರೆ) ತುಂಬುವ ವಿಧಾನಕ್ಕೆ ಒಲವು ಹೆಚ್ಚು.